ಕೆಲಸದಲ್ಲಿ ಪೆಟ್ಟಾದರೆ ದುಡ್ಡು ಎಷ್ಟು ದಿನ ಬರುತ್ತದೆ, ಅರ್ಜಿ ಯಾವಾಗಿನೊಳಗೆ ಹಾಕಬೇಕು?

ಕೆಲಸದ ಜಾಗದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂತವರು ಮೊದಲು ಕೇಳುವುದು ಇದನ್ನೇ: ದುಡ್ಡು ಎಷ್ಟು ದಿನ ಬರುತ್ತದೆ? ಒಬ್ಬರು 91 ದಿನ ಅನ್ನುತ್ತಾರೆ. ಇನ್ನೊಬ್ಬರು ಐದು ವರ್ಷ ಅನ್ನುತ್ತಾರೆ. ಜೀವನಪೂರ್ತಿ ಬರುತ್ತೆ ಬಿಡಿ ಅನ್ನುವವರೂ ಇದ್ದಾರೆ. ಮೂವರು ಹೇಳುವುದೂ ನಿಜವೇ! ನಿಮ್ಮ ಕೇಸನ್ನು ಯಾವ ಲೆಕ್ಕದಲ್ಲಿ ಬರೆದುಕೊಂಡಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ, ಮತ್ತು ಆ ಬರವಣಿಗೆ ಆಗಿಬಿಡುವುದು ಮೊದಲ ಎರಡು ಮೂರು ದಿನಗಳಲ್ಲಿ, ನೀವು ಆಸ್ಪತ್ರೆ ಮಂಚದ ಮೇಲೆ ನೋವು ತಿನ್ನುತ್ತಾ ಮಲಗಿರುವಾಗ. ಹಾಗಾಗಿ ಇದನ್ನು ನೀವೊಬ್ಬರೇ ಓದಿದರೆ ಸಾಲದು, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

ಇಲ್ಲಿ ಬರೆದಿರುವುದು ಭಾರತದ ಕಾನೂನು. ಕಾರ್ಖಾನೆ, ಗಾರ್ಮೆಂಟ್ಸ್, ಗೋಡೌನ್, ಕಟ್ಟಡ ಕೆಲಸ, ಲಾರಿ, ಹೋಟೆಲ್, ಹೀಗೆ ಖಾಸಗಿ ಕಡೆ ದುಡಿಯುವವರಿಗೆ ಅನ್ವಯಿಸುವಂಥದ್ದು.

ಮೊದಲು ನೀವು ಯಾವ ಸಾಲಿನಲ್ಲಿದ್ದೀರಿ ನೋಡಿಕೊಳ್ಳಿ

ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ 0.75% ಹಿಡಿದಿದ್ದಾರಾ? ಹಿಡಿದಿದ್ದರೆ ನೀವು ಇಎಸ್‌ಐ ಸಾಲಿನವರು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ, ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ ಬರುತ್ತದೆ. ಅಂಗವಿಕಲ ನೌಕರರಿಗೆ ಈ ಮಿತಿ 25,000. ನಿಮ್ಮ 0.75ರ ಜೊತೆಗೆ ಮಾಲೀಕರು 3.25% ಕಟ್ಟಬೇಕು.

ಇಎಸ್‌ಐ ಇಲ್ಲ ಅಂದರೆ ಎರಡನೇ ಸಾಲು. ಅದು 1923ರ ನೌಕರರ ಪರಿಹಾರ ಕಾಯ್ದೆ. ಅಲ್ಲಿ ದುಡ್ಡು ಕೊಡಬೇಕಾದವರು ಮಾಲೀಕರೇ, ಅವರು ವಿಮೆ ಮಾಡಿಸಿದ್ದರೆ ಅವರ ಪರವಾಗಿ ವಿಮಾ ಕಂಪನಿ. ಕಂಟ್ರಾಕ್ಟರ್ ಕೈಕೆಳಗೆ ಇದ್ದೀರಿ, ಅವನು ಫೋನ್ ತೆಗೆಯುತ್ತಿಲ್ಲ ಅಂದರೂ ಹೆದರಬೇಡಿ. ಆ ಕಂಟ್ರಾಕ್ಟರ್‌ಗೆ ಕೆಲಸ ವಹಿಸಿದ ಮೂಲ ಮಾಲೀಕರ ಮೇಲೂ ನೀವು ಪರಿಹಾರ ಕೇಳಬಹುದು.

ಒಂದೇ ಪೆಟ್ಟಿಗೆ ಎರಡೂ ಕಡೆ ದುಡ್ಡು ಕೇಳುವ ಹಾಗಿಲ್ಲ. ಇಎಸ್‌ಐ ಇದ್ದರೆ ಇಎಸ್‌ಐ, ಅಷ್ಟೇ. ಮಾಲೀಕರು ಇಎಸ್‌ಐಗೆ ಸೇರಿಸಬೇಕಿತ್ತು, ಸೇರಿಸಲೇ ಇಲ್ಲ ಅಥವಾ ಹಿಡಿದ ದುಡ್ಡು ಕಟ್ಟಲಿಲ್ಲ ಅನ್ನುವುದು ಬಹಳ ಕಡೆ ಕೇಳುವ ಮಾತು. ಆಗಲೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಇಎಸ್‌ಐ ನಿಗಮ ನಿಮಗೆ ಕೊಟ್ಟು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಅನ್ನುವುದಕ್ಕೆ ಹಾಜರಿ ಪುಸ್ತಕದ ಫೋಟೋ, ಬ್ಯಾಂಕಿಗೆ ಬಂದ ಸಂಬಳ, ಗೇಟ್ ಪಾಸ್, ಏನಾದರೂ ಒಂದು ಇಟ್ಟುಕೊಂಡಿರಿ.

ಹೊಸ ಕಾನೂನಿನ ಬಗ್ಗೆಯೂ ಒಂದು ಮಾತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಇಎಸ್‌ಐ ಕಾಯ್ದೆ, ನೌಕರರ ಪರಿಹಾರ ಕಾಯ್ದೆ ಎರಡೂ ಅದರೊಳಗೆ ಸೇರಿಕೊಂಡಿವೆ. ನಿಮ್ಮ ಅಪಘಾತ ಆ ತಾರೀಕಿಗೆ ಮೊದಲು ಆಗಿದ್ದರೆ ಹಳೆಯ ಕಾಯ್ದೆಯ ಲೆಕ್ಕ. ಆಮೇಲೆ ಆಗಿದ್ದರೆ ಅರ್ಜಿಯಲ್ಲಿ ಹಾಕುವ ಸೆಕ್ಷನ್ ನಂಬರುಗಳು ಬೇರೆ ಇರುತ್ತವೆ, ಅದನ್ನು ವಕೀಲರ ಹತ್ತಿರವೋ ಕಚೇರಿಯಲ್ಲೋ ಕೇಳಿಕೊಂಡು ಬರೆಯಿರಿ. ಕೆಳಗೆ ಹೇಳಿರುವ ದಿನಗಳ ಲೆಕ್ಕ ಎಲ್ಲರ ಬಾಯಲ್ಲೂ ಇರುವ ಆ ಎರಡು ಹಳೆಯ ಕಾಯ್ದೆಗಳದ್ದು. ಹೊಸದರಲ್ಲಿ ಗಡುವು ಎಷ್ಟೇ ಇರಲಿ, ಬೇಗ ಹಾಕಿದವರಿಗೆ ತೊಂದರೆ ಇಲ್ಲ.

ಮೊದಲ ದಿನ: ಯಾರು ಏನು ಬರೆಯುತ್ತಾರೆ ನೋಡಿ

ಪೆಟ್ಟಾದ ತಕ್ಷಣ ಕೇಳಿಬರುವ ಒಂದು ಮಾತಿದೆ. ಸೂಪರ್‌ವೈಸರ್ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಾ ಮೆಲ್ಲಗೆ ಹೇಳುತ್ತಾರೆ: "ಡಾಕ್ಟರ್ ಕೇಳಿದ್ರೆ ಮನೆಯಲ್ಲಿ ಬಿದ್ದೆ ಅಂತ ಹೇಳಿಬಿಡು. ಸುಮ್ನೆ ಪೊಲೀಸು ಗಿಲೀಸು ಅಂತ ಆಗುತ್ತೆ. ಖರ್ಚೆಲ್ಲ ನಾವು ನೋಡ್ಕೋತೀವಿ." ಆ ಹೊತ್ತಿಗೆ ಇದು ಒಳ್ಳೆಯತನದ ಹಾಗೇ ಕಾಣುತ್ತದೆ. ಬೆರಳಿನಿಂದ ರಕ್ತ ಸುರಿಯುತ್ತಿರುವಾಗ ಯಾರು ವಾದ ಮಾಡುತ್ತಾರೆ ಹೇಳಿ. ಆದರೆ ಆಸ್ಪತ್ರೆಯ ಮೊದಲ ಚೀಟಿಯಲ್ಲಿ "ಮನೆಯಲ್ಲಿ ಬಿದ್ದು ಗಾಯ" ಅಂತ ಬಿದ್ದರೆ ಮುಂದಿನ ಪ್ರತಿಯೊಂದು ಕಚೇರಿಯಲ್ಲೂ ಆ ಮೂರು ಪದಗಳನ್ನೇ ನಿಮ್ಮ ಮುಖಕ್ಕೆ ಹಿಡಿಯುತ್ತಾರೆ.

ಹಾಗಾಗಿ ಡಾಕ್ಟರಿಗೆ ನಿಜ ಹೇಳಿ. ಕೆಲಸ ಮಾಡುವಾಗ, ಇಂಥ ಜಾಗದಲ್ಲಿ, ಇಂಥ ಮಷಿನ್‌ನಿಂದ ಅಂತ ಹೇಳಿ. ಚೀಟಿಯಲ್ಲಿ ಹಾಗೇ ಬರೆದರಾ ಅಂತ ಜೊತೆಗೆ ಬಂದವರು ಓದಿ ನೋಡಲಿ. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ, ಮಾಡುತ್ತೇವೆ ಅಂದರೆ ಮಾಡಲಿ, ಅದು ನಿಮಗೆ ಅನುಕೂಲವೇ.

ಕಾರ್ಖಾನೆಯಲ್ಲಿ ಅಪಘಾತ ಪುಸ್ತಕ ಅಂತ ಒಂದು ಇರಬೇಕು. ಇಎಸ್‌ಐ ಇರುವ ಕಡೆ ಅದು ಫಾರಂ 11. ಅದರಲ್ಲಿ ನಿಮ್ಮ ಹೆಸರು, ಹೊತ್ತು, ಎಲ್ಲಿ, ಹೇಗೆ, ಪಕ್ಕದಲ್ಲಿ ಯಾರಿದ್ದರು ಅನ್ನುವುದು ಸೇರಬೇಕು. ಅದಾದ ಮೇಲೆ ಮಾಲೀಕರು ಇಎಸ್‌ಐಗೆ ಫಾರಂ 12ರಲ್ಲಿ ಅಪಘಾತದ ವರದಿ ಕಳಿಸಬೇಕು. ಇದನ್ನು ಅವರು ತಡ ಮಾಡುವಂತಿಲ್ಲ, ಕೂಡಲೇ ಕಳಿಸಬೇಕು. ಕಳಿಸಿದ್ದೇವೆ ಅಂದರೆ ನಂಬಿ ಸುಮ್ಮನಾಗಬೇಡಿ, ಪ್ರತಿ ಕೇಳಿ ಇಸಕೊಳ್ಳಿ.

ಅಪಘಾತ ಪುಸ್ತಕ ಇಲ್ಲದ ಸಣ್ಣ ಜಾಗಗಳೇ ಜಾಸ್ತಿ ಅಲ್ವಾ. ಅಲ್ಲಿ ನೀವೇ ಒಂದು ಕಾಗದ ಬರೆಯಿರಿ. ಭಾಷೆ ಸರಳವಾಗಿರಲಿ, ಹೀಗಿದ್ದರೆ ಸಾಕು:

"ದಿನಾಂಕ ……ರಂದು ಮಧ್ಯಾಹ್ನ ಸುಮಾರು 3:15ಕ್ಕೆ ಎರಡನೇ ಶಿಫ್ಟಿನಲ್ಲಿ ಪ್ರೆಸ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದಾಗ ನನ್ನ ಬಲಗೈ ಹೆಬ್ಬೆರಳು ಡೈ ನಡುವೆ ಸಿಕ್ಕಿ ತುಂಡಾಯಿತು. ಆಗ …… ಮತ್ತು …… ಪಕ್ಕದಲ್ಲಿದ್ದರು. …… ಆಸ್ಪತ್ರೆಗೆ ಸೇರಿಸಿದರು. ಇದನ್ನು ಅಪಘಾತದ ನೋಟಿಸ್ ಎಂದು ತಿಳಿದು ಪರಿಹಾರ ಕೊಡಬೇಕೆಂದು ಕೋರುತ್ತೇನೆ."

ಇದರ ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಜೊತೆಗೆ ವಾಟ್ಸಾಪ್‌ನಲ್ಲೂ ಹಾಕಿಬಿಡಿ, ನೀಲಿ ಟಿಕ್ ಬಿದ್ದಿದ್ದನ್ನು ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ನೋಟಿಸೇ ಕೊಡಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಕೇಸು ಬಿದ್ದುಹೋಗುವುದಿಲ್ಲ. ಮಾಲೀಕರಿಗೆ ಬೇರೆ ರೀತಿಯಲ್ಲಿ ವಿಷಯ ಗೊತ್ತಾಗಿತ್ತು ಅಂತ ತೋರಿಸಿದರೂ ನಡೆಯುತ್ತದೆ. ಹಾಗೆ ತೋರಿಸಲು ಈ ಮೆಸೇಜೇ ಕೆಲಸಕ್ಕೆ ಬರುವುದು.

ಇಎಸ್‌ಐನವರು ಮನೆಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯಲ್ಲಿ ಆದ ಅಪಘಾತವನ್ನೂ ಬರೆಸಬಹುದು. ಕೆಲಸಕ್ಕೂ ಆ ಪ್ರಯಾಣಕ್ಕೂ ಸಂಬಂಧ ತೋರಿಸಬೇಕು, ಅಂದರೆ ಹೊತ್ತು ಮತ್ತು ದಾರಿ ಹೊಂದಬೇಕು. ಶಿಫ್ಟ್ ಮುಗಿದ ಮೇಲೆ ಊರೆಲ್ಲ ಸುತ್ತಿ ಬರುವಾಗ ಬಿದ್ದರೆ ಕಷ್ಟ.

ಮೂರು ದಿನದ ಲೆಕ್ಕ

ಸಣ್ಣ ಗಾಯಕ್ಕೆ ಯಾವ ಕಾನೂನಿನಲ್ಲೂ ದುಡ್ಡಿಲ್ಲ. ಇಎಸ್‌ಐನಲ್ಲಿ ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದ ಸ್ಥಿತಿ ಇರಬೇಕು. ನೌಕರರ ಪರಿಹಾರ ಕಾಯ್ದೆಯಲ್ಲಿ ಮೂರು ದಿನಕ್ಕಿಂತ ಜಾಸ್ತಿ ಇರಬೇಕು. ಅದಕ್ಕೇ ಎರಡನೇ ದಿನವೇ "ಬಂದು ಸುಮ್ನೆ ಕೂತಿರು, ಹಾಜರಿ ಹಾಕ್ತೀವಿ" ಅಂತ ಕರೆದರೆ ಸ್ವಲ್ಪ ಯೋಚನೆ ಮಾಡಿ. ಹಾಜರಿ ಬಿದ್ದ ದಿನ ನೀವು ಕೆಲಸ ಮಾಡುವ ಸ್ಥಿತಿಯಲ್ಲಿದ್ದಿರಿ ಅಂತಲೇ ದಾಖಲೆ ಆಗುತ್ತದೆ.

91ನೇ ದಿನಕ್ಕೆ ದುಡ್ಡು ನಿಂತುಹೋದರೆ

ಇಎಸ್‌ಐನವರಿಗೆ ಅತಿ ಜಾಸ್ತಿ ಏಟು ಬೀಳುವ ಜಾಗ ಇದು. ಆದ್ದರಿಂದ ನಿಧಾನವಾಗಿ ಓದಿ.

ಇಎಸ್‌ಐನಲ್ಲಿ ಕೆಲಸಕ್ಕೆ ಹೋಗಲಾಗದವರಿಗೆ ಕೊಡುವ ದುಡ್ಡಿಗೆ ಬೇರೆ ಬೇರೆ ಹೆಸರಿದೆ. ಜ್ವರ, ಕಾಮಾಲೆ, ಆಪರೇಷನ್ ಇಂಥದ್ದಕ್ಕೆಲ್ಲ ಕೊಡುವುದು ಅನಾರೋಗ್ಯ ಭತ್ಯೆ. ಅದು ಕೂಲಿಯ 70%, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅದನ್ನು ಪಡೆಯಲು ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸದಲ್ಲಿ ಆದ ಗಾಯಕ್ಕೆ ಕೊಡುವುದು ತಾತ್ಕಾಲಿಕ ಅಂಗವಿಕಲತೆ ಭತ್ಯೆ. ಅದು ಕೂಲಿಯ 90%. 78 ದಿನದ ಶರತ್ತು ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸಿಗುತ್ತದೆ. ಇಷ್ಟೇ ದಿನ ಅನ್ನುವ ಮಿತಿಯೂ ಇಲ್ಲ, ಕೆಲಸ ಮಾಡಲಾಗದ ಸ್ಥಿತಿ ಇರುವವರೆಗೂ ಬರುತ್ತದೆ.

ಈಗ ನೋಡಿ ಏನಾಗುತ್ತದೆ. ಅಪಘಾತದ ವರದಿ ಮಾಲೀಕರಿಂದ ಬಂದಿಲ್ಲ, ಅಥವಾ ಮನೆಯಲ್ಲಿ ಬಿದ್ದೆ ಅಂತ ಚೀಟಿಯಲ್ಲಿ ಇದೆ. ಇಎಸ್‌ಐ ಶಾಖಾ ಕಚೇರಿಯವರು ನಿಮ್ಮ ರಜೆಯನ್ನು ಸದ್ಯಕ್ಕೆ ಅನಾರೋಗ್ಯದ ಖಾತೆಗೆ ಹಾಕುತ್ತಾರೆ. ದುಡ್ಡು ಬರುತ್ತಿರುತ್ತದೆ, ನೀವೂ ಕೇಳುವುದಿಲ್ಲ. 91 ದಿನ ಮುಗಿಯುತ್ತದೆ, ದುಡ್ಡು ನಿಲ್ಲುತ್ತದೆ. ಕಾಲಿನೊಳಗೆ ರಾಡು ಇನ್ನೂ ಹಾಗೇ ಇದೆ. ಆಗ ಓಡಿಹೋಗಿ ಕೇಳಿದರೆ "ನಿಮ್ಮದು ಸಿಕ್‌ನೆಸ್ ಕೇಸು, ಮುಗೀತು" ಅನ್ನುತ್ತಾರೆ. ಕಾನೂನು ಅಲ್ಲಿ ಮಿತಿ ಹಾಕಿಲ್ಲ, ತಪ್ಪು ಖಾತೆ ಹಾಕಿದೆ.

ತಪ್ಪಿಸಿಕೊಳ್ಳುವ ದಾರಿ ಸುಲಭ. ಮೊದಲ ಸಲ ದುಡ್ಡು ಬಂದಾಗಲೇ ಅದು ಯಾವ ಭತ್ಯೆ ಅಂತ ಕೇಳಿ. ದಿನದ ಕೂಲಿಗೆ ಹೋಲಿಸಿದರೂ ಗೊತ್ತಾಗುತ್ತದೆ: ದಿನಕ್ಕೆ 600 ರೂಪಾಯಿ ಕೂಲಿ ಇದ್ದವರಿಗೆ 540 ಬಂದರೆ ಸರಿಯಾದ ಖಾತೆ, 420 ಬಂದರೆ ಅನಾರೋಗ್ಯದ್ದು. ತಪ್ಪು ಖಾತೆಯಲ್ಲಿದ್ದರೆ ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ, ಇದು ಕೆಲಸದಲ್ಲಿ ಆದ ಗಾಯ, ಹಾಗೆ ಪರಿಗಣಿಸಿ ವ್ಯತ್ಯಾಸದ ಹಣ ಕೊಡಿ ಅಂತ. ಸಾಕ್ಷಿಗಳ ಹೆಸರು, ಆಸ್ಪತ್ರೆ ಚೀಟಿ, ಆ ದಿನದ ಹಾಜರಿ ಲಗತ್ತಿಸಿ. ಕೆಲಸದ ಹೊತ್ತಿನಲ್ಲಿ ಆದ ಅಪಘಾತವನ್ನು, ಬೇರೆ ಸಾಕ್ಷ್ಯ ಇಲ್ಲದಿದ್ದರೆ, ಕೆಲಸದಿಂದಲೇ ಆದದ್ದು ಅಂತ ಕಾನೂನು ನಂಬಿಕೊಳ್ಳುತ್ತದೆ. ಈ ಸಾಲನ್ನು ಅರ್ಜಿಯಲ್ಲಿ ಬರೆಯಲು ಮರೆಯಬೇಡಿ.

ಈ ಕೇಳುವ ಕೆಲಸಕ್ಕೂ ಗಡುವಿದೆ. ಭತ್ಯೆ ನಿಮಗೆ ಬರಬೇಕಾದ ದಿನದಿಂದ 12 ತಿಂಗಳೊಳಗೆ ಕ್ಲೇಮ್ ಹಾಕಿರಬೇಕು. ಕೊಡಲಿಲ್ಲ ಅಂತ ಇಎಸ್‌ಐ ನ್ಯಾಯಾಲಯಕ್ಕೆ ಹೋಗುವುದಿದ್ದರೆ ಮೂರು ವರ್ಷದೊಳಗೆ. ಮೊದಲ 12 ತಿಂಗಳು ತಪ್ಪಿದರೆ ಸರಿಯಾದ ಕಾರಣ ತೋರಿಸಿ ನ್ಯಾಯಾಲಯದಿಂದ ಹೆಚ್ಚು ಸಮಯ ಕೇಳಬಹುದು. ಕೇಳಬಹುದು ಅಷ್ಟೇ, ಸಿಕ್ಕೇ ಸಿಗುತ್ತದೆ ಅಂತಲ್ಲ.

ಭತ್ಯೆ ನಿಲ್ಲುವುದು ಯಾವ ಕಾಗದದಿಂದ

ಮಿತಿ ಇಲ್ಲ ಅಂದೆ. ಆದರೆ ಇಎಸ್‌ಐ ಡಿಸ್ಪೆನ್ಸರಿ ಡಾಕ್ಟರು ಫೈನಲ್ ಸರ್ಟಿಫಿಕೇಟ್ ಬರೆದ ದಿನ ತಾತ್ಕಾಲಿಕ ಭತ್ಯೆ ನಿಲ್ಲುತ್ತದೆ. ಇವರು ಕೆಲಸಕ್ಕೆ ಹೋಗಬಹುದು ಅನ್ನುವ ಕಾಗದ ಅದು. ಕೈ ಮಡಚಲು ಆಗುತ್ತಿಲ್ಲ, ನಿಲ್ಲಲು ಆಗುತ್ತಿಲ್ಲ ಅಂದರೆ ಅಲ್ಲೇ ಬಾಯಿಬಿಟ್ಟು ಹೇಳಿ. "ಪರವಾಗಿಲ್ಲ ಸಾರ್" ಅನ್ನುವ ಅಭ್ಯಾಸ ನಮಗೆಲ್ಲ ಇದೆ, ಡಾಕ್ಟರ ಮುಂದೆ ಅದು ಬೇಡ. ನೋವು ಎಲ್ಲಿ, ಎಷ್ಟು ಹೊತ್ತು ನಿಂತರೆ ಬರುತ್ತದೆ, ಎಷ್ಟು ಭಾರ ಎತ್ತಲಾಗುತ್ತಿಲ್ಲ ಅಂತ ಹೇಳಿದರೆ ಅದನ್ನು ಬರೆದುಕೊಳ್ಳುತ್ತಾರೆ. ಫೈನಲ್ ಆದ ಮೇಲೆ ಅದೇ ಗಾಯ ಮತ್ತೆ ಕಾಡಿದರೆ ಮನೆಯಲ್ಲಿ ಕೂರಬೇಡಿ, ಡಿಸ್ಪೆನ್ಸರಿಗೆ ಹೋಗಿ ಇದು ಹಳೆಯ ಗಾಯದ್ದೇ ಅಂತ ಬರೆಸಿ.

ಭತ್ಯೆ ತೆಗೆದುಕೊಳ್ಳುವಾಗ ಮೂರು ವಿಷಯದಲ್ಲಿ ಎಚ್ಚರ ಬೇಕು. ಚಿಕಿತ್ಸೆ ನಡುವೆ ಬಿಡಬಾರದು. ಚಿಕಿತ್ಸೆ ನಡೆಯುತ್ತಿರುವ ಪ್ರದೇಶ ಬಿಟ್ಟು ಹೋಗುವುದಿದ್ದರೆ ಡಾಕ್ಟರ ಅನುಮತಿ ಕೇಳಬೇಕು, ಊರ ಹಬ್ಬಕ್ಕೆ ಹೋದರೂ ಅಷ್ಟೇ. ಆ ದಿನಗಳಲ್ಲಿ ಬೇರೆ ಕಡೆ ಕೂಲಿಗೆ ಹೋಗಬಾರದು. ಸಿಕ್ಕಿಬಿದ್ದರೆ ಭತ್ಯೆಯೂ ಹೋಗುತ್ತದೆ, ಸುಳ್ಳು ಹೇಳಿದ ಕೇಸೂ ಆಗುತ್ತದೆ.

ಇದಕ್ಕೆ ಎದುರಾಗಿ ನಿಮ್ಮ ಕಡೆಯೂ ಒಂದು ರಕ್ಷಣೆ ಇದೆ. ನೀವು ತಾತ್ಕಾಲಿಕ ಭತ್ಯೆಯಲ್ಲಿರುವಾಗ ಮಾಲೀಕರು ಮನಸ್ಸಿಗೆ ಬಂದ ಹಾಗೆ ಕೆಲಸದಿಂದ ತೆಗೆಯುವುದು, ಶಿಕ್ಷೆ ಕೊಡುವುದು ಮಾಡುವಂತಿಲ್ಲ. ಆ ಹೊತ್ತಿನಲ್ಲಿ ರಾಜೀನಾಮೆಗೆ ಸಹಿ ಹಾಕು ಅಂದರೆ ಹಾಕಬೇಡಿ.

ಮೆಡಿಕಲ್ ಬೋರ್ಡ್: ಜೀವನಪೂರ್ತಿ ಬರುವ ದುಡ್ಡು

ಬೆರಳು ಹೋಗಿದೆ, ಕಣ್ಣು ಮಂಜಾಗಿದೆ, ಮಂಡಿ ಮಡಚುತ್ತಿಲ್ಲ. ಹೀಗೆ ಇನ್ನು ಸರಿಹೋಗದ ನಷ್ಟ ಉಳಿದಿದ್ದರೆ ತಾತ್ಕಾಲಿಕ ಭತ್ಯೆ ನಿಂತ ಕೂಡಲೇ ಮೆಡಿಕಲ್ ಬೋರ್ಡ್‌ಗೆ ಕಳಿಸಿ ಅಂತ ಶಾಖಾ ಕಚೇರಿಗೆ ಅರ್ಜಿ ಕೊಡಿ. ಅವರಾಗಿ ಕರೆಯುತ್ತಾರೆ ಅಂತ ಕಾಯಬೇಡಿ. ಬೋರ್ಡ್ ನಿಮ್ಮ ಗಳಿಸುವ ಶಕ್ತಿ ಎಷ್ಟು ಶೇಕಡಾ ಕಡಿಮೆಯಾಗಿದೆ ಅಂತ ಹೇಳುತ್ತದೆ, ಅಷ್ಟಕ್ಕೆ ತಿಂಗಳಾ ತಿಂಗಳು ದುಡ್ಡು ಬರುತ್ತದೆ. ಹೆಬ್ಬೆರಳು ಪೂರ್ತಿ ಹೋದರೆ ಕಾನೂನಿನ ಪಟ್ಟಿಯಲ್ಲಿ 30%. ದಿನಕ್ಕೆ 600 ಕೂಲಿಯವರ ಪೂರ್ತಿ ದರ 540, ಅದರ 30% ಅಂದರೆ ದಿನಕ್ಕೆ 162, ತಿಂಗಳಿಗೆ ಸುಮಾರು 4,860 ರೂಪಾಯಿ. ಬೋರ್ಡಿನ ಲೆಕ್ಕ ಅಂತಿಮ ಅಂತಾದರೆ ಇದು ಜೀವ ಇರುವವರೆಗೂ ಬರುತ್ತದೆ, ಮತ್ತೆ ಕೆಲಸಕ್ಕೆ ಹೋದರೂ ನಿಲ್ಲುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ಕೆಲಸಕ್ಕೆ ಸೇರಿದರೆ ಪಿಂಚಣಿ ಹೋಗುತ್ತದೆ ಅಂತ ಅರ್ಜಿಯನ್ನೇ ಹಾಕದವರಿದ್ದಾರೆ.

ಬೋರ್ಡಿನ ಆದೇಶದಲ್ಲಿ "ತಾತ್ಕಾಲಿಕ" ಅಂತಿದೆಯಾ "ಅಂತಿಮ" ಅಂತಿದೆಯಾ ಅಂತ ನೋಡಿ. ತಾತ್ಕಾಲಿಕ ಅಂತಿದ್ದರೆ ಅದರಲ್ಲಿ ಒಂದು ಕೊನೆಯ ತಾರೀಕು ಇರುತ್ತದೆ. ಅದು ಮುಗಿಯುವ ಮೊದಲೇ ಮತ್ತೆ ತಪಾಸಣೆಗೆ ಹೋಗಬೇಕು. ಈ ತಾರೀಕನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಶೇಕಡಾ ಕಡಿಮೆ ಹಾಕಿದ್ದಾರೆ ಅನಿಸಿದರೆ ಆದೇಶ ಕೈಗೆ ಬಂದ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿ. ಮೆಡಿಕಲ್ ಅಪೀಲ್ ಟ್ರಿಬ್ಯೂನಲ್‌ಗೆ ಹೋಗಬಹುದು, ನೇರವಾಗಿ ಇಎಸ್‌ಐ ನ್ಯಾಯಾಲಯಕ್ಕೂ ಹೋಗಬಹುದು. ಅಂಗವಿಕಲರ ಯುಡಿಐಡಿ ಕಾರ್ಡಿನಲ್ಲಿರುವ ಶೇಕಡಾ ಬೇರೆ, ಇದು ಬೇರೆ. ಅಲ್ಲಿ ನೋಡುವುದು ಅಂಗದ ನಷ್ಟ, ಇಲ್ಲಿ ನೋಡುವುದು ಗಳಿಕೆಯ ನಷ್ಟ. "ಕಾರ್ಡಿನಲ್ಲಿ 45 ಇದೆ, ಇಲ್ಲಿ ಯಾಕೆ 20" ಅಂತ ಜಗಳ ಮಾಡಿ ಪ್ರಯೋಜನ ಇಲ್ಲ. ನೀವು ಮಾಡುತ್ತಿದ್ದ ಕೆಲಸ ಏನು, ಈಗ ಅದರಲ್ಲಿ ಯಾವುದು ಆಗುತ್ತಿಲ್ಲ ಅನ್ನುವುದನ್ನು ಮುಂದಿಡಿ.

ಇಎಸ್‌ಐ ಇಲ್ಲದವರಿಗೆ: ಎರಡು ವರ್ಷ, ಐದು ವರ್ಷ

ಇಲ್ಲಿ ಎರಡು ಗಡಿಯಾರ ಒಟ್ಟಿಗೆ ಓಡುತ್ತವೆ. ಒಂದು, ದುಡ್ಡು ಎಷ್ಟು ಕಾಲ ಬರುತ್ತದೆ ಅನ್ನುವುದು. ಇನ್ನೊಂದು, ನೀವು ಕೇಸು ಹಾಕಲು ಎಷ್ಟು ಕಾಲ ಇದೆ ಅನ್ನುವುದು. ಜನ ಇವೆರಡನ್ನು ಕಲಸಿಕೊಳ್ಳುತ್ತಾರೆ. ಐದು ವರ್ಷ ಇದೆಯಲ್ಲ ಅಂತ ಕೂತು ಎರಡು ವರ್ಷದ ಗಡುವು ಕಳೆದುಕೊಳ್ಳುತ್ತಾರೆ.

ಮೊದಲನೆಯದು ನೋಡೋಣ. ವಾಸಿಯಾಗುವಂಥ ಗಾಯಕ್ಕೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ 25% ಕೊಡಬೇಕು, ಅಂದರೆ ತಿಂಗಳಿಗೆ ಅರ್ಧ ಸಂಬಳ. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 2020ರ ಜನವರಿ 3ರಿಂದ 15,000 ರೂಪಾಯಿ ಮಿತಿ ಇದೆ. ನಿಮಗೆ 22,000 ಇದ್ದರೂ 15,000 ಅಂತಲೇ ಲೆಕ್ಕ, ಹಾಗಾಗಿ ಹದಿನೈದು ದಿನಕ್ಕೆ 3,750. ಇದು ಅನ್ಯಾಯ ಅಂತ ನನಗೂ ಅನಿಸುತ್ತದೆ, ಆದರೆ ಸದ್ಯದ ನಿಯಮ ಹಾಗಿದೆ. ಕೆಲಸಕ್ಕೆ ಹೋಗಲಾಗದ ಸ್ಥಿತಿ 28 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮೊದಲ ಕಂತು 16ನೇ ದಿನಕ್ಕೆ ಬರಬೇಕು. 28 ದಿನಕ್ಕಿಂತ ಕಡಿಮೆ ಇದ್ದರೆ ಮೊದಲ ಮೂರು ದಿನ ಕಳೆದು ಉಳಿದದ್ದಕ್ಕೆ ಕೊಡುತ್ತಾರೆ. ಆಮೇಲೆ ಗಾಯ ವಾಸಿಯಾಗುವವರೆಗೆ ಅಥವಾ ಐದು ವರ್ಷದವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಬರುತ್ತದೆ. ಐದು ವರ್ಷ ಅನ್ನುವ ಮಾತು ಬಂದಿದ್ದು ಇಲ್ಲಿಂದ.

ಆಸ್ಪತ್ರೆಯಲ್ಲಿ ನಿಜವಾಗಿ ಆದ ಖರ್ಚು ಇದಕ್ಕಿಂತ ಬೇರೆ, ಅದನ್ನೂ ಮಾಲೀಕರೇ ಕೊಡಬೇಕು. "ಆಪರೇಷನ್‌ಗೆ ಎರಡು ಲಕ್ಷ ಕೊಟ್ಟಿದ್ದೀವಿ, ಅದನ್ನ ಪರಿಹಾರದಲ್ಲಿ ಕಳೀತೀವಿ" ಅಂದರೆ ಒಪ್ಪಬೇಡಿ. ಚಿಕಿತ್ಸೆಗೆ ಕೊಟ್ಟದ್ದನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ.

ಶಾಶ್ವತ ನಷ್ಟ ಆಗಿದ್ದರೆ ಕಂತಿಲ್ಲ, ಒಂದೇ ಸಲದ ಮೊತ್ತ. ಲೆಕ್ಕ ಹೀಗೆ: ಸಂಬಳದ 60%, ಅದನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿ, ಅದರಲ್ಲಿ ನಷ್ಟದ ಶೇಕಡಾ ತೆಗೆಯಬೇಕು. 30 ವರ್ಷದವರಿಗೆ ಆ ಅಂಕಿ 207.98, 40 ವರ್ಷದವರಿಗೆ 184.17. 30 ವರ್ಷದವರೊಬ್ಬರ ಹೆಬ್ಬೆರಳು ಹೋಗಿದೆ, ಸಂಬಳ 15,000 ಅಥವಾ ಅದಕ್ಕಿಂತ ಹೆಚ್ಚು ಅಂತ ಇಟ್ಟುಕೊಳ್ಳಿ. 15,000ದ 60% ಅಂದರೆ 9,000. ಅದನ್ನು 207.98ರಿಂದ ಗುಣಿಸಿದರೆ 18,71,820. ಅದರ 30% ಅಂದರೆ 5,61,546 ರೂಪಾಯಿ. ಮಾಲೀಕರು ಐವತ್ತು ಸಾವಿರ ಕೈಗಿಟ್ಟು ಸಹಿ ಕೇಳಿದಾಗ ಈ ಅಂಕಿ ನಿಮ್ಮ ತಲೆಯಲ್ಲಿರಬೇಕು.

ಪಟ್ಟಿಯಲ್ಲಿರುವ ಶೇಕಡಾವೇ ಕೊನೆ ಮಾತಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಕೇಸಿನಲ್ಲಿ ಬಡಗಿಯೊಬ್ಬರ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಒಂದೇ ಕೈಯಲ್ಲಿ ಮರಗೆಲಸ ಆಗುವುದಿಲ್ಲ, ಹಾಗಾಗಿ ಇದು ಪೂರ್ತಿ ನಷ್ಟವೇ ಅಂತ ಕೋರ್ಟ್ ಒಪ್ಪಿತು. ಪರಿಹಾರ ಕೊಡುವ ಹೊಣೆ ಅಪಘಾತದ ದಿನವೇ ಹುಟ್ಟುತ್ತದೆ, ತೀರ್ಪಿನ ದಿನವಲ್ಲ ಅಂತಲೂ ಅದೇ ತೀರ್ಪು ಹೇಳಿತು. ಚಾಲಕರ ಕಾಲು, ಟೈಲರ್ ಬೆರಳು ಹೀಗೆ ಕಸುಬಿಗೇ ಏಟು ಬಿದ್ದವರು ಇದನ್ನು ವಕೀಲರಿಗೆ ಹೇಳಿ.

ಇನ್ನು ಎರಡನೇ ಗಡಿಯಾರ. ಅಪಘಾತ ಆದ ದಿನದಿಂದ ಎರಡು ವರ್ಷದೊಳಗೆ ಪರಿಹಾರ ಆಯುಕ್ತರ (ಈ ಕೇಸುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿ) ಮುಂದೆ ಅರ್ಜಿ ಹಾಕಬೇಕು. ಸಾವಾಗಿದ್ದರೆ ಸಾವಿನ ದಿನದಿಂದ ಎರಡು ವರ್ಷ. ಡಿಸ್ಚಾರ್ಜ್ ಆದ ದಿನದಿಂದ ಅಲ್ಲ, ಮಾಲೀಕರು ಕೊಡಲ್ಲ ಅಂದ ದಿನದಿಂದಲೂ ಅಲ್ಲ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್‌ನಂಥ ಕಸುಬಿನ ಕಾಯಿಲೆಗಳಿಗೆ ಅಪಘಾತದ ದಿನ ಅಂತ ಒಂದು ಇರುವುದಿಲ್ಲವಲ್ಲ, ಅಲ್ಲಿ ಆ ಕಾಯಿಲೆಯಿಂದ ಬಿಡದೆ ಕೆಲಸ ತಪ್ಪಲು ಶುರುವಾದ ಮೊದಲ ದಿನದಿಂದ ಎಣಿಸುತ್ತಾರೆ.

ಎರಡು ವರ್ಷ ಹೇಗೆ ಕಳೆಯುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಮೊದಲ ಕೆಲವು ತಿಂಗಳು ಆಸ್ಪತ್ರೆ. ಆಮೇಲೆ ಮಾಲೀಕರು ತಿಂಗಳಿಗೆ ಐದು ಸಾವಿರ, ಹಬ್ಬಕ್ಕೆ ಎರಡು ಸಾವಿರ ಅಂತ ಕಳಿಸುತ್ತಿರುತ್ತಾರೆ. ಕೇಸು ಹಾಕಿದರೆ ಅದೂ ನಿಲ್ಲುತ್ತದೆ ಅನ್ನುವ ಭಯ. ಹಗುರ ಕೆಲಸ ಕೊಡುತ್ತೇವೆ ಅನ್ನುತ್ತಾರೆ, ಮುಂದಿನ ತಿಂಗಳು ಸೆಟ್ಲ್ ಮಾಡುತ್ತೇವೆ ಅನ್ನುತ್ತಾರೆ. ಒಂದು ದಿನ ಫೋನ್ ತೆಗೆಯುವುದು ನಿಲ್ಲಿಸುತ್ತಾರೆ. ತಾರೀಕು ನೋಡಿದರೆ ಎರಡು ವರ್ಷ ಎರಡು ತಿಂಗಳು. ಎಲ್ಲ ಮಾಲೀಕರೂ ಹೀಗೆ ಅಂತ ಹೇಳುತ್ತಿಲ್ಲ. ಒಳ್ಳೆಯವರಿದ್ದರೂ ಅರ್ಜಿ ಹಾಕಿ, ಕೊಡುವ ಮನಸ್ಸಿದ್ದರೆ ಆಯುಕ್ತರ ಮುಂದೆಯೇ ಕೊಡಬಹುದು. ಹೊರಗೆ ಮಾಡಿಕೊಂಡ ರಾಜಿ ಪತ್ರ ಆಯುಕ್ತರ ಹತ್ತಿರ ನೋಂದಣಿ ಆಗಬೇಕು. "ಇನ್ನು ಮುಂದೆ ಏನೂ ಕೇಳುವುದಿಲ್ಲ" ಅಂತ ಬರೆಸಿಕೊಂಡ ಖಾಸಗಿ ಕಾಗದದಿಂದ ಕಾನೂನು ಕೊಟ್ಟ ಹಕ್ಕು ಹೋಗುವುದಿಲ್ಲ. ಹಾಗಂತ ಸಹಿ ಹಾಕಿಬಿಡಿ ಅಂತಲ್ಲ, ಹಾಕಿಯಾಗಿದ್ದರೆ ಕೈಚೆಲ್ಲಿ ಕೂರಬೇಡಿ ಅಂತ.

ಗಡುವು ಈಗಾಗಲೇ ದಾಟಿದ್ದರೂ ಅರ್ಜಿ ಹಾಕಿ, ಜೊತೆಗೆ ತಡ ಯಾಕಾಯಿತು ಅಂತ ಇನ್ನೊಂದು ಅರ್ಜಿ ಕೊಡಿ. ಸಾಕಷ್ಟು ಕಾರಣ ಇದ್ದರೆ ಆಯುಕ್ತರು ತಡವನ್ನು ಮನ್ನಿಸಬಹುದು. ಆಸ್ಪತ್ರೆ ಕಾಗದ, ಮಾಲೀಕರು ಆಗಾಗ ಕಳಿಸಿದ ದುಡ್ಡಿನ ಯುಪಿಐ ದಾಖಲೆ, "ಮುಂದಿನ ತಿಂಗಳು ಕೊಡ್ತೀನಿ" ಅನ್ನುವ ಮೆಸೇಜು, ಇವೇ ಆ ಕಾರಣಕ್ಕೆ ಸಾಕ್ಷಿ.

ಅರ್ಜಿಯನ್ನು ಅಪಘಾತ ನಡೆದ ಜಾಗದ ಆಯುಕ್ತರ ಹತ್ತಿರವೇ ಹಾಕಬೇಕು ಅಂತಿಲ್ಲ. ನೀವು ಈಗ ವಾಸ ಇರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಬೆಂಗಳೂರಿನಲ್ಲಿ ಪೆಟ್ಟಾಗಿ ರಾಯಚೂರಿಗೆ ವಾಪಸು ಹೋದವರು ತಾರೀಕಿಗೊಂದು ಸಲ ಬಸ್ ಹತ್ತಬೇಕಿಲ್ಲ.

ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ ಬೀಳುತ್ತದೆ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಮೊತ್ತದ 50%ವರೆಗೆ ದಂಡವನ್ನೂ ಹಾಕಬಹುದು. ಇವೆರಡನ್ನೂ ಅರ್ಜಿಯಲ್ಲಿ ಕೇಳಿ.

ಇನ್ನೂ ಬೇಗ ಮುಗಿಯುವ ಗಡುವುಗಳು

ಲಾರಿ, ಆಟೋ, ಡೆಲಿವರಿ ಬೈಕ್ ಓಡಿಸುವಾಗ ರಸ್ತೆಯಲ್ಲಿ ಅಪಘಾತವಾದರೆ ಮೋಟಾರು ವಾಹನ ಕಾಯ್ದೆಯಲ್ಲೂ ಪರಿಹಾರ ಕೇಳಬಹುದು. ಆದರೆ ಅಲ್ಲಿ ಗಡುವು ಆರು ತಿಂಗಳು. ನೌಕರರ ಪರಿಹಾರ ಕಾಯ್ದೆ ಮತ್ತು ಅದು, ಎರಡರಲ್ಲಿ ಒಂದನ್ನೇ ಆರಿಸಬೇಕು. ಯಾವುದರಲ್ಲಿ ಜಾಸ್ತಿ ಸಿಗುತ್ತದೆ ಅಂತ ವಕೀಲರ ಹತ್ತಿರ ಮೊದಲ ತಿಂಗಳಲ್ಲೇ ಕೂತು ಲೆಕ್ಕ ಹಾಕಿಸಿ.

ಬ್ಯಾಂಕ್ ಪಾಸ್‌ಬುಕ್‌ನಲ್ಲಿ ವರ್ಷಕ್ಕೆ 20 ರೂಪಾಯಿ ಕಳೆದಿರುವುದು ಕಾಣುತ್ತಿದೆಯಾ? ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಕೆಲಸಕ್ಕೆ ಬಾರದೆ ಹೋದರೆ ಒಂದು ಲಕ್ಷ, ಎರಡು ಹೋದರೆ ಎರಡು ಲಕ್ಷ. ಇದಕ್ಕೆ 30 ದಿನದೊಳಗೆ ಬ್ಯಾಂಕಿಗೆ ಹೇಳಬೇಕು.

ಪಿಎಫ್ ಇದ್ದು ಶಾಶ್ವತವಾಗಿ, ಪೂರ್ತಿಯಾಗಿ ಕೆಲಸ ಮಾಡಲಾಗದ ಸ್ಥಿತಿ ಬಂದರೆ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಡ, ಒಂದು ತಿಂಗಳ ವಂತಿಗೆ ಇದ್ದರೂ ಕೇಳಬಹುದು. ಅಂಗವಿಕಲತೆಯಿಂದ ಕೆಲಸ ಬಿಟ್ಟವರ ಗ್ರಾಚ್ಯುಟಿಗೂ ಐದು ವರ್ಷದ ಶರತ್ತು ಇಲ್ಲ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರು ಮಂಡಳಿಯ ಅಪಘಾತ ನೆರವಿಗೆ ಬೇರೆ ಅರ್ಜಿ ಹಾಕಬೇಕು, ಅದರ ತಾರೀಕನ್ನು ಲೇಬರ್ ಆಫೀಸಿನಲ್ಲೇ ಕೇಳಿ. ಕಾರ್ಡ್ ನವೀಕರಣ ಆಗಿದೆಯಾ ಅಂತ ಪೆಟ್ಟಾಗುವ ಮೊದಲೇ ನೋಡಿಕೊಂಡಿರುವುದು ಒಳ್ಳೆಯದು.

ಆದೇಶ ಬಂದ ಮೇಲೆ

ನೌಕರರ ಪರಿಹಾರದ ಅರ್ಜಿಯನ್ನು ಆಯುಕ್ತರು ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನು ಹೇಳುತ್ತದೆ. ಮುಗಿಯುವುದು ಅಪರೂಪ. ತಾರೀಕು ಮುಂದೆ ಹೋಗುತ್ತಲೇ ಇದ್ದರೆ ಈ ಮೂರು ತಿಂಗಳ ನಿಯಮವನ್ನು ವಕೀಲರ ಕೈಯಲ್ಲಿ ಹೇಳಿಸಿ. ಆದೇಶ ಸರಿ ಇಲ್ಲ ಅನಿಸಿದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 60 ದಿನ ಇದೆ, ಇಎಸ್‌ಐ ನ್ಯಾಯಾಲಯದ ಆದೇಶಕ್ಕೂ 60 ದಿನವೇ. ಮಾಲೀಕರು ಮೇಲ್ಮನವಿ ಹಾಕುವುದಿದ್ದರೆ ಪರಿಹಾರದ ಹಣವನ್ನು ಮೊದಲು ಆಯುಕ್ತರ ಹತ್ತಿರ ಕಟ್ಟಿಯೇ ಹಾಕಬೇಕು.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ನಿಲ್ಲಬೇಡಿ. ಕಾರ್ಖಾನೆ ಕಾರ್ಮಿಕರು, ಹೆಂಗಸರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ, ಫೋನಿನಲ್ಲಾದರೆ 15100. ಹೋಗುವಾಗ ಸಂಬಳದ ಚೀಟಿ, ಆಸ್ಪತ್ರೆಯ ಮೊದಲ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಮಾಲೀಕರಿಗೆ ಕೊಟ್ಟ ಕಾಗದದ ಪ್ರತಿ, ವಯಸ್ಸಿನ ದಾಖಲೆ ತೆಗೆದುಕೊಂಡು ಹೋಗಿ. ಮೂಲ ಕಾಗದ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.